ಚೊಂಬಿನ ತಾಮ್ರವೆಲ್ಲ ಮೈಯಲ್ಲೇ ಉಳಿಯುತ್ತದೆಯೇ?

ಪ್ರಶ್ನೆ: ರಾತ್ರಿ ತಾಮ್ರದ ಚೊಂಬಿನಲ್ಲಿ ತುಂಬಿಟ್ಟ ನೀರನ್ನು ವರ್ಷಗಳಿಂದ ಬೆಳಿಗ್ಗೆ ಕುಡಿಯುತ್ತಿದ್ದೇನೆ. ಹೀಗೆ ಮೈಯಲ್ಲಿ ತಾಮ್ರ ಸೇರುತ್ತಲೇ ಹೋಗುತ್ತದೆಯೇ?

ಯಕೃತ್ತು ಸರಿಯಾಗಿದ್ದರೆ ಇಲ್ಲ. ಚೊಂಬಿನಿಂದ ನೀರಿಗೆ ಇಳಿಯುವ ತಾಮ್ರವೇ ಅತ್ಯಲ್ಪ. ಬೆಂಗಳೂರಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಲೀಟರಿಗೆ ಸುಮಾರು 0.18 ಮಿಲಿಗ್ರಾಂ ತಾಮ್ರ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಅಂಥ ಒಂದು ಲೀಟರ್ ನೀರಿಗಿಂತ ಹತ್ತು ಗೋಡಂಬಿಯಲ್ಲೇ ಹೆಚ್ಚು ತಾಮ್ರವಿದೆ. ಎಳ್ಳಿನಲ್ಲಂತೂ ಕೇಳುವುದೇ ಬೇಡ.

ತಿಂದದ್ದೆಲ್ಲ ಒಳಗೆ ಹೋಗುವುದೂ ಇಲ್ಲ. ತಾಮ್ರವನ್ನು ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳಿನ ಆರಂಭದ ಭಾಗ, ಮತ್ತು ಅದು ಬಹಳ ಲೆಕ್ಕಾಚಾರದ್ದು. ಆಹಾರದಲ್ಲಿ ತಾಮ್ರ ಕಡಿಮೆಯಿದ್ದಾಗ ಅರ್ಧಕ್ಕಿಂತ ಹೆಚ್ಚನ್ನು ಹೀರುತ್ತದೆ. ದಿನಕ್ಕೆ ಏಳೆಂಟು ಮಿಲಿಗ್ರಾಂ ಕೊಟ್ಟರೆ ಎಂಟರಲ್ಲಿ ಒಂದು ಪಾಲನ್ನಷ್ಟೇ ತೆಗೆದುಕೊಳ್ಳುತ್ತದೆ. ಕರುಳಿನ ಜೀವಕೋಶಗಳಲ್ಲಿರುವ ಮೆಟಲೋಥಯೊನಿನ್ ಎಂಬ ಪ್ರೋಟೀನ್ ಹೆಚ್ಚುವರಿ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಜೀವಕೋಶಗಳ ಆಯುಸ್ಸು ಕೆಲವೇ ದಿನ. ಅವು ಉದುರಿದಾಗ ಹಿಡಿದಿಟ್ಟ ತಾಮ್ರವೂ ಮಲದೊಂದಿಗೆ ಹೊರಟುಹೋಗುತ್ತದೆ. ಸತುವು ಈ ಪ್ರೋಟೀನನ್ನು ಹೆಚ್ಚಿಸುವುದರಿಂದ, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಸತುವಿನ ಮಾತ್ರೆ ನುಂಗುವವರಿಗೆ ತಾಮ್ರದ ಕೊರತೆಯಾಗಿ ರಕ್ತಹೀನತೆ, ನರದೌರ್ಬಲ್ಯ ಬರುವುದುಂಟು. ನನ್ನ ಮಟ್ಟಿಗೆ ಚೊಂಬಿಗಿಂತ ಆ ಮಾತ್ರೆಯೇ ಹೆಚ್ಚು ಭಯದ ವಸ್ತು.

ಕರುಳು ದಾಟಿದ ತಾಮ್ರ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಬೇಕಾದಷ್ಟನ್ನು ಅದು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿಗೆ ಕಟ್ಟಿ ರಕ್ತಕ್ಕೆ ಬಿಡುತ್ತದೆ, ಮಿಕ್ಕಿದ್ದನ್ನು ಪಿತ್ತರಸದಲ್ಲಿ ಕರುಳಿಗೆ ವಾಪಸು ಸುರಿಯುತ್ತದೆ. ಮೂತ್ರದಲ್ಲಿ ಹೋಗುವುದು ಲೆಕ್ಕಕ್ಕಿಲ್ಲದಷ್ಟು. ಎಷ್ಟು ವರ್ಷ ಕುಡಿದರೂ ವಯಸ್ಕರ ಮೈಯಲ್ಲಿರುವ ಒಟ್ಟು ತಾಮ್ರ ಸುಮಾರು 100 ಮಿಲಿಗ್ರಾಂ ಆಸುಪಾಸಿನಲ್ಲೇ ನಿಲ್ಲುವುದು ಇದರಿಂದಲೇ.

ವಿಲ್ಸನ್ ಕಾಯಿಲೆಯವರ ಕಥೆ ಬೇರೆ. ಹುಟ್ಟಿನಿಂದಲೇ ಎಟಿಪಿ7ಬಿ ಎಂಬ ಜೀನ್ ಕೆಟ್ಟಿರುವುದರಿಂದ ಪಿತ್ತರಸದ ದಾರಿ ಮುಚ್ಚಿ, ತಾಮ್ರ ಯಕೃತ್ತಿನಲ್ಲೂ ಮಿದುಳಿನಲ್ಲೂ ಕೂಡಿಬೀಳುತ್ತದೆ. ಅವರು, ಮತ್ತು ಪಿತ್ತನಾಳದ ತೊಂದರೆಯಿರುವವರು, ಚೊಂಬಿನ ನೀರನ್ನು ಬಿಡಬೇಕು.

ಉಳಿದವರಿಗೆ ನನ್ನ ತಕರಾರು ಒಂದೇ: ಹುಳಿ. ಹುಣಸೆಹಣ್ಣು ತಿಕ್ಕಿದ ಕೂಡಲೇ ಚೊಂಬು ಫಳಫಳ ಹೊಳೆಯುತ್ತದಲ್ಲ, ಹುಳಿ ಲೋಹದ ಮೇಲಿನ ಪದರವನ್ನು ಕರಗಿಸುವುದೇ ಅದಕ್ಕೆ ಕಾರಣ. ಅದೇ ಚೊಂಬಿನಲ್ಲಿ ಮಜ್ಜಿಗೆಯನ್ನೋ ನಿಂಬೆರಸವನ್ನೋ ಇಟ್ಟರೆ ಕರಗಿದ ತಾಮ್ರ ಹೊಟ್ಟೆಗೆ ಹೋಗಿ ವಾಕರಿಕೆ, ವಾಂತಿ ತರಬಹುದು. ಹಸುಗೂಸುಗಳಿಗಂತೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ಬೇಡವೇ ಬೇಡ. ಒಂದು ಕಾಲದಲ್ಲಿ ನಮ್ಮ ದೇಶದ ಎಳೆಯ ಮಕ್ಕಳ ಜೀವ ತೆಗೆಯುತ್ತಿದ್ದ ಯಕೃತ್ತಿನ ಕಾಯಿಲೆಯೊಂದಕ್ಕೆ ಅಂಥ ಹಾಲಿನ ನಂಟಿತ್ತು. ಅಡುಗೆಮನೆಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಅದು ಅಪರೂಪವಾಯಿತು.