ಕುದುರೆಮುಖ: ಗಣಿಗೆ ಗಡುವು ಸಿಕ್ಕಿತು, ಜನರಿಗೆ ಸಿಗಲಿಲ್ಲ

ಹಳಬರಿಗೆ ಕುದುರೆಮುಖ ಅಂದರೆ ಕಬ್ಬಿಣದ ಅದಿರು. ಈಗಿನವರಿಗೆ ಚಾರಣ. ಆದರೆ ಕಾಡಿನೊಳಗಿನ ಮಲೆಕುಡಿಯ, ಗೌಡಲು ಬುಡಕಟ್ಟಿನವರಿಗೆ, ಸಣ್ಣಪುಟ್ಟ ಅಡಿಕೆ-ಗದ್ದೆ ಮಾಡಿಕೊಂಡಿರುವವರಿಗೆ ಅದು ಮನೆ. ಈ ಮೂರೂ ಒಂದೇ ಗುಡ್ಡದ ಮೇಲೆ ಬಂದದ್ದೇ ಇಲ್ಲಿನ ತಕರಾರು.

ಮೊದಲು ಗುಡ್ಡದ ಮಾತು. ನೆತ್ತಿ ಸುಮಾರು 1,890 ಮೀಟರ್ ಎತ್ತರ. ಮೇಲೆ ಬರೀ ಹುಲ್ಲು, ಕಣಿವೆಗಳಲ್ಲಿ ದಟ್ಟ ಶೋಲಾ ಕಾಡು. ಮಳೆ ಸುರಿಯುವ ಲೆಕ್ಕವೇ ಬೇರೆ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್. ಗಂಗಾಮೂಲದ ಸುತ್ತ ಹುಟ್ಟುವ ತುಂಗಾ, ಭದ್ರಾ ಪೂರ್ವಕ್ಕೆ ಹೋದರೆ ನೇತ್ರಾವತಿ ಕರಾವಳಿಗೆ ಇಳಿಯುತ್ತದೆ. ದೂರದಿಂದ ನೋಡಿದವರಿಗೆ ಆ ಹುಲ್ಲುಗಾವಲು ಸುಮ್ನೆ ಬೋಳು ಗುಡ್ಡದಂತೆ ಕಾಣುತ್ತದೆ. ಆದರೆ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊಳೆಗೆ ಬಿಡುವುದು ಆ ಹುಲ್ಲು, ಆ ಶೋಲಾ.

ಅದೇ ಗುಡ್ಡದೊಳಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರೂ ಇತ್ತು. ಇರಾನಿನ ಷಾ ಹಣ ಕೊಡಲು ಒಪ್ಪಿದ ಮೇಲೆ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಇಲ್ಲಿ ಗಣಿ ಮಾತ್ರ ನಡೆಯಿತು. ಅದಿರು ಕಡಿಮೆ ದರ್ಜೆಯದ್ದು. ಹಾಗಾಗಿ ಪುಡಿಮಾಡಿ, ಸಾರ ತೆಗೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರಾ ನದಿಗೆ ಇಳಿಯುತ್ತಿತ್ತು. ತೊಂದರೆ ಕೆಳಗಿನ ಊರುಗಳ ರೈತರಿಗೆ.

ಈ ನಡುವೆ ಸಿಂಗಳೀಕಗಳ ಸಮೀಕ್ಷೆ ಮಾಡಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕಾಡನ್ನು ಉಳಿಸಬೇಕೆಂದು ಶಿಫಾರಸು ಮಾಡಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂತು. ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದಲ್ಲಿ ಹರಡಿದ ಕಾಡು. ವಿಚಿತ್ರ ನೋಡಿ: 2001ರ ಅಂತಿಮ ಅಧಿಸೂಚನೆ ಬರುವ ಹೊತ್ತಿಗೆ ಗಣಿಯ ಜಾಗ ಗಡಿಯಿಂದ ಹೊರಬಿದ್ದಿತ್ತು. ಮನೆಗಳು ಮಾತ್ರ ಒಳಗೇ ಉಳಿದವು. ಗಡಿ ಎಳೆಯುವಾಗ ಯಾರ ಮಾತು ನಡೆಯುತ್ತದೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕಂಪನಿ ಹುಟ್ಟುವ ಮೊದಲೇ, 1969ರಲ್ಲಿ ಶುರುವಾಗಿದ್ದ ಗಣಿಯ 30 ವರ್ಷದ ಗುತ್ತಿಗೆ 1999ಕ್ಕೇ ಮುಗಿದಿತ್ತು. ಪರಿಸರ ಸಂಘಟನೆಗಳು ಬೀದಿಗೂ ಇಳಿದವು, ಕೋರ್ಟಿಗೂ ಹೋದವು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: 2005ರ ಕೊನೆಗೆ ಗಣಿ ನಿಲ್ಲಬೇಕು. ನಿಂತಿತು. ಗಣಿಯವರಿಗಾಗಿ ಅಲ್ಲೇ ಕಟ್ಟಿದ್ದ ಮಲ್ಲೇಶ್ವರದ ಟೌನ್‌ಶಿಪ್ ಖಾಲಿಯಾಗುತ್ತಾ ಬಂತು.

ಜನರ ವಿಷಯಕ್ಕೆ ಇಂಥ ತಾರೀಖು ಬರಲೇ ಇಲ್ಲ. ಉದ್ಯಾನ ಅಂದಮೇಲೆ ಜೇನು, ಸೀಗೆ, ರಾಮಪತ್ರೆ ತರುವುದಕ್ಕೂ ತಡೆ. ರಸ್ತೆ, ಕರೆಂಟು ಕೇಳಿದರೆ ಅರಣ್ಯ ಇಲಾಖೆಯ ಅನುಮತಿ. ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯದ ಮೇಲೆ ಚಳವಳಿ ಬೆಳೆಯಿತು. ಆ ಅಸಮಾಧಾನದ ನಡುವೆ ನಕ್ಸಲರೂ ಬಂದರು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. ಅಲ್ಲಿಂದಾಚೆಗೆ ಊರವರು ಪೊಲೀಸರಿಗೂ ಹೆದರಬೇಕು, ನಕ್ಸಲರಿಗೂ ಹೆದರಬೇಕು ಎಂಬಂತಾಯಿತು.

ಸರ್ಕಾರ ಪುನರ್ವಸತಿ ಪ್ಯಾಕೇಜ್ ತಂದಿತು, ಸ್ವಇಚ್ಛೆಯಿಂದ ಹೋಗುವವರಿಗೆ. ಕೆಲವರು ಹೋದರು. ರೋಗಿಯನ್ನು ಹೊತ್ತು ಮೈಲಿಗಟ್ಟಲೆ ನಡೆಯುವ ಮನೆಯವರಿಗೆ ಇದು ಬೇಡದ ಮಾತೇನಲ್ಲ. ಆದರೆ ಬೇರೆ ಸೌಲಭ್ಯ ಏನೂ ಇಲ್ಲದಾಗ ಹೊರಡುವುದನ್ನು ಪೂರ್ತಿ ಸ್ವಇಚ್ಛೆ ಅನ್ನುವುದು ಕಷ್ಟ. ಉಳಿದವರ ಆಸೆ 2006ರ ಅರಣ್ಯ ಹಕ್ಕು ಕಾಯ್ದೆಯ ಮೇಲೆ. ಅದರ ಪ್ರಕಾರ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸ ತೋರಿಸಿದರೆ ಸಾಕು. ಬೇರೆಯವರು 75 ವರ್ಷದ ದಾಖಲೆ ಕೊಡಬೇಕು. ಅಜ್ಜನ ಕಾಲದ ಕಾಗದ ಮಲೆನಾಡಿನ ಮಳೆಯಲ್ಲಿ ಎಷ್ಟು ಮನೆಗಳಲ್ಲಿ ಉಳಿದಿರುತ್ತದೆ?

ಆಮೇಲೆ ಹುಲಿ ಮೀಸಲು ಪ್ರಸ್ತಾಪ ಬಂದಾಗ ಊರವರು ಜೋರಾಗಿಯೇ ವಿರೋಧಿಸಿದರು. ಹುಲಿಯ ಮೇಲಿನ ಸಿಟ್ಟಲ್ಲ ಅದು, ಇನ್ನೊಂದು ಗಡಿಯ ಮೇಲಿನ ಸಂಶಯ. ಈಗ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಹುಲ್ಲುಗಾವಲಿಗೆ ಅದು ಒಳ್ಳೆಯದೇ. ಸಂಸೆ ಕಡೆಯ ಮುಳ್ಳೋಡಿಯಲ್ಲಿ ಚಾರಣಿಗರಿಗೆ ಅನ್ನ ಹಾಕಿ, ಜೀಪು ಓಡಿಸಿ ನಾಲ್ಕು ಕಾಸು ನೋಡುತ್ತಿರುವವರಿಗೆ ಆ ಮಿತಿಯ ಸಂಖ್ಯೆಯೇ ಈಗ ಹೊಸ ಲೆಕ್ಕ.