ಸ್ವದೇಶಿ ಯುದ್ಧವಿಮಾನ ಮಾರಾಟಕ್ಕೆ ಪರದೇಶದ ಒಪ್ಪಿಗೆ ಯಾಕೆ: ಒಂದು ಟಿಪ್ಪಣಿ

ಮೈಸೂರಿನಲ್ಲಿ ಕೆಎಎಸ್, ಯುಪಿಎಸ್‌ಸಿಗೆ ಓದುತ್ತಿರುವವರಿಗಾಗಿ ಬರೆದದ್ದು. ವೇಗ, ಎತ್ತರ, ಕ್ಷಿಪಣಿಗಳ ಪಟ್ಟಿ ಯಾವ ಗೈಡಿನಲ್ಲಾದರೂ ಸಿಗುತ್ತದೆ, ಇಲ್ಲಿ ಬಿಟ್ಟಿದೆ. ತಲೆ ಕೆಡಿಸುವುದು ಒಂದೇ ಪ್ರಶ್ನೆ: ತೇಜಸ್‌ನಂಥ, ಬಹುಪಾಲು ನಮ್ಮದೇ ಆದ ವಿಮಾನವನ್ನು ಮಾರಲು ಇನ್ನೊಬ್ಬರನ್ನು ಯಾಕೆ ಕೇಳಬೇಕು?

ಮೊದಲ ಹಾರಾಟ ಮತ್ತು ಎಂಜಿನ್

ತೇಜಸ್: 2001ರ ಜನವರಿ 4, ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಎಫ್404.
ಪಾಕಿಸ್ತಾನ–ಚೀನಾದ ಜೆಎಫ್-17: 2003ರ ಆಗಸ್ಟ್ 25, ರಷ್ಯಾದ ಆರ್‌ಡಿ-93.
ದಕ್ಷಿಣ ಕೊರಿಯಾದ ಕೆಎಫ್-21: 2022ರ ಜುಲೈ 19, ಎರಡು ಜಿಇ ಎಫ್414.
ಟರ್ಕಿಯ ಕಾನ್: 2024ರ ಫೆಬ್ರವರಿ 21, ಎರಡು ಜಿಇ ಎಫ್110.

ನಾಲ್ಕೂ ಹಾರಿದ್ದು ಹೊರಗಿನ ಎಂಜಿನ್‌ನಲ್ಲಿ.

ಶೇಕಡಾವಾರು ಕೂಡುವ ಲೆಕ್ಕ, ಒಪ್ಪಿಗೆ ಗುಣಿಸುವ ಲೆಕ್ಕ

ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಜೆಎಫ್-17ರಲ್ಲಿ ಪಾಕಿಸ್ತಾನದ ಪಾಲು ಶೇ 58, ಚೀನಾದ ಪಾಲು ಶೇ 42 ಎಂದು ಓದುತ್ತೇವೆ. ಕೂಡಿದರೆ 100. ಹಾಗಾದರೆ ರಷ್ಯಾ ಎಲ್ಲಿ ಹೋಯಿತು? ಆ 58:42 ವಿಮಾನದ ಒಡಲನ್ನು ತಯಾರಿಸುವ ಕೆಲಸದ ಹಂಚಿಕೆ ಮಾತ್ರ. ಎಂಜಿನ್ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಒಪ್ಪಿಗೆಯ ಲೆಕ್ಕ ಬೇರೆ. ಎಂಜಿನ್, ರಾಡಾರ್, ಪೈಲಟ್ ಹೊರಚಿಮ್ಮುವ ಆಸನ, ಹೀಗೆ ಪ್ರತಿ ಹೊರಗಿನ ಭಾಗದ ಮುಂದೆ, ಅದನ್ನು ಕೊಟ್ಟ ದೇಶದ ಒಪ್ಪಿಗೆ ಇದ್ದರೆ 1, ಇಲ್ಲದಿದ್ದರೆ 0 ಬರೆದು ಎಲ್ಲವನ್ನೂ ಗುಣಿಸಿ. ಒಂದು ಸೊನ್ನೆ ಸಾಕು, ಉತ್ತರ ಸೊನ್ನೆ. 2020ರಲ್ಲಿ ಅರ್ಜೆಂಟೀನಾಗೆ ಕೊರಿಯಾದ ಎಫ್ಎ-50 ಯುದ್ಧವಿಮಾನ ಸಿಗದೆ ಹೋದದ್ದು ಹೀಗೆಯೇ. ಅದರಲ್ಲಿದ್ದ ಬ್ರಿಟಿಷ್ ಭಾಗಗಳಿಗೆ ಬ್ರಿಟನ್ ಅನುಮತಿ ಕೊಡಲಿಲ್ಲ. ತೇಜಸ್‌ನ ಆಸನವೂ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯದು, ನೆನಪಿಡಿ.

ಎಂಜಿನ್‌ನಿಂದಲೇ ಮಾರಾಟ ನಿಂತ ಹಳೆಯ ಉದಾಹರಣೆಗಳು ಎರಡು. 1977ರಲ್ಲಿ ಇಸ್ರೇಲ್ ತನ್ನ ಕ್ಫಿರ್ ವಿಮಾನವನ್ನು ಈಕ್ವೆಡಾರ್‌ಗೆ ಮಾರಲು ಹೊರಟಾಗ, ಅದರೊಳಗಿದ್ದ ಅಮೆರಿಕದ ಜೆ79 ಎಂಜಿನ್ ಕಾರಣಕ್ಕೆ ಅಮೆರಿಕ ತಡೆಯಿತು. ಮರುವರ್ಷ ಸ್ವೀಡನ್ ವಿಗ್ಗೆನ್ ವಿಮಾನವನ್ನು ಭಾರತಕ್ಕೆ ಮಾರದಂತೆಯೂ ಅಮೆರಿಕವೇ ತಡೆಯಿತು. ಎರಡನೆಯದನ್ನು ಗಟ್ಟಿ ಮಾಡಿಕೊಳ್ಳಿ: ವಿಗ್ಗೆನ್‌ನ ಎಂಜಿನ್ ತಯಾರಾಗುತ್ತಿದ್ದುದು ಸ್ವೀಡನ್ನಿನಲ್ಲೇ, ಆದರೆ ಮೂಲ ವಿನ್ಯಾಸ ಅಮೆರಿಕದ ಪ್ರಾಟ್ ಅಂಡ್ ವಿಟ್ನಿಯದು. ಎಲ್ಲಿ ತಯಾರಾಯಿತು ಅನ್ನುವುದಕ್ಕಿಂತ ಯಾರ ವಿನ್ಯಾಸ ಅನ್ನುವುದು ಮುಖ್ಯ. ಎಫ್414 ಎಂಜಿನ್ ಭಾರತದಲ್ಲೇ ತಯಾರಿಸಲು ಎಚ್ಎಎಲ್–ಜಿಇ 2023ರ ಜೂನ್‌ನಲ್ಲಿ ಒಡಂಬಡಿಕೆ ಮಾಡಿಕೊಂಡವು. ಅದು ತುಂಬಾ ಒಳ್ಳೆಯ ಹೆಜ್ಜೆ, ಆದರೆ ಇನ್ನು ಮುಂದೆ ಯಾರನ್ನೂ ಕೇಳಬೇಕಿಲ್ಲ ಎಂದು ಉತ್ತರದಲ್ಲಿ ಬರೆಯಬೇಡಿ.

ಇದಕ್ಕೆ ಎದುರು ಉದಾಹರಣೆ, ಫ್ರಾನ್ಸಿನ ರಫೇಲ್‌ಗೆ ಫ್ರಾನ್ಸಿನದೇ ಎಂ88 ಎಂಜಿನ್. ಈಜಿಪ್ಟ್, ಕತಾರ್, ಭಾರತ, ಗ್ರೀಸ್, ಯುಎಇ, ಇಂಡೋನೇಷ್ಯಾ ಎಲ್ಲ ಕೊಂಡಿವೆ.

ಎಂಜಿನ್ ಯಾಕೆ ಅಷ್ಟು ಕಷ್ಟ

ಮಂಡ್ಯದ ಆಲೆಮನೆಗೆ ಹೋಗಿ ಕೊಪ್ಪರಿಗೆ ನೋಡಿ. ಕೆಳಗೆ ಕಬ್ಬಿನ ರಚ್ಚು ಧಗಧಗ ಉರಿಯುತ್ತಿದ್ದರೂ ತಳ ಸುಟ್ಟುಹೋಗುವುದಿಲ್ಲ, ಮೇಲಿನ ಕಬ್ಬಿನ ಹಾಲು ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಎಂಜಿನ್ನೊಳಗೆ ಬಿಸಿ ಅನಿಲದಿಂದ ತಿರುಗುವ ಟರ್ಬೈನ್ ಅಲಗಿನಲ್ಲೂ ಇದೇ ಉಪಾಯ. ಅದಕ್ಕೆ ಬಡಿಯುವ ಅನಿಲ, ಅಲಗಿನ ನಿಕಲ್ ಮಿಶ್ರಲೋಹ ಕರಗುವ ಬಿಸಿಯನ್ನೂ ಮೀರಿರುತ್ತದೆ. ಅಲಗಿನ ಹೊಟ್ಟೆಯೊಳಗೆ ಸಣ್ಣ ಕಾಲುವೆಗಳು, ಮೈಮೇಲೆ ಸೂಜಿಮೊನೆಯಷ್ಟು ತೂತುಗಳು; ಅವುಗಳಿಂದ ಹೊರಬರುವ ಗಾಳಿ ತೆಳುವಾದ ಪದರವಾಗಿ ಅಲಗನ್ನು ಹೊದ್ದುಕೊಳ್ಳುತ್ತದೆ. ಒಂದು ತೂತು ಮುಚ್ಚಿದರೆ ಆ ಜಾಗ ಬೇಯುತ್ತದೆ. ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಹರಳು ಹರಳು ಸೇರುವ ಗೆರೆ ಇದ್ದರೆ ಬಿಸಿಯಲ್ಲಿ, ಸೆಳೆತದಲ್ಲಿ ಅಲ್ಲೇ ಬಿರುಕು ಬಿಡುತ್ತದೆ. ಈ ಎರಕದ ವಿದ್ಯೆಯನ್ನು ಯಾರೂ ಸುಲಭಕ್ಕೆ ಕೊಡುವುದಿಲ್ಲ.

ಬೆಂಗಳೂರಿನ ಜಿಟಿಆರ್‌ಇ (ಜೆಟ್ ಎಂಜಿನ್ ಸಂಶೋಧನಾ ಸಂಸ್ಥೆ) ತೇಜಸ್‌ಗಾಗಿ 1989ರಿಂದ ರೂಪಿಸಿದ ಕಾವೇರಿ ಎಂಜಿನ್‌ಗೆ ಬೇಕಿದ್ದ ನೂಕುಬಲ ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ನೂಕುಬಲ ಏರಿಸುವ ಭಾಗ) ಸಹಿತ 81 ಕಿಲೋನ್ಯೂಟನ್, ಬಂದದ್ದು ಸುಮಾರು 70. ತೂಕವೂ ಗುರಿ ಮೀರಿತು. 2008ರಲ್ಲಿ ತೇಜಸ್‌ನಿಂದ ಕಾವೇರಿಯನ್ನು ಬೇರ್ಪಡಿಸಿದರು. ಇದು ಹೊಸ ನೋವಲ್ಲ: 1961ರಲ್ಲಿ ಹಾರಿದ, ಎಚ್ಎಎಲ್‌ನ ಯುದ್ಧವಿಮಾನ ಮಾರುತ್‌ಗೂ ವಿನ್ಯಾಸಕ್ಕೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ.

ಅಡ್ಡದಾರಿ: ಕಿಲೋನ್ಯೂಟನ್ ಅನ್ನು 10ರಿಂದ ಭಾಗಿಸಿ, ಶೇ 2 ಸೇರಿಸಿದರೆ ಟನ್. ಎಫ್404ರ 84 → 8.4 → ಸುಮಾರು 8.6 ಟನ್. ಆಫ್ಟರ್‌ಬರ್ನರ್ ಸಹಿತ ಅಂಕಿಯನ್ನು ಸಹಿತದ ಜೊತೆಗೇ ಹೋಲಿಸಿ. ಕಾವೇರಿಯ ರಹಿತ ಅಂಕಿಯನ್ನು ಎಫ್404ರ 84ರ ಪಕ್ಕ ಇಟ್ಟರೆ ಲೆಕ್ಕ ಕೆಡುತ್ತದೆ.

ಮಲೇಷ್ಯಾದ ಪ್ರಶ್ನೆ ಬಂದರೆ

2023ರಲ್ಲಿ ಮಲೇಷ್ಯಾ ತೇಜಸ್ ಬಿಟ್ಟು 18 ಎಫ್ಎ-50 ಆರಿಸಿತು. ಇದಕ್ಕೆ ಎಂಜಿನ್ ಒಪ್ಪಿಗೆಯೇ ಕಾರಣ ಎಂದು ಬರೆದರೆ ತಪ್ಪು, ಎಫ್ಎ-50ರಲ್ಲೂ ಇರುವುದು ಎಫ್404 ಕುಟುಂಬದ ಎಂಜಿನ್ನೇ. ಕೊರಿಯಾ ಆ ಹೊತ್ತಿಗಾಗಲೇ ಫಿಲಿಪ್ಪೀನ್ಸ್‌ಗೆ 12 ಕೊಟ್ಟು, ಪೋಲೆಂಡಿನಿಂದ 48ಕ್ಕೆ ಆರ್ಡರ್ ಪಡೆದಿತ್ತು. ನಮ್ಮಲ್ಲಿ ವಾಯುಪಡೆಯೇ ಸಾಲಿನಲ್ಲಿ ನಿಂತಿದೆ: ತೇಜಸ್‌ನ ಸುಧಾರಿತ ಆವೃತ್ತಿ ಎಂಕೆ1ಎಗೆ ಅದರ ಆರ್ಡರ್ 2021ರಲ್ಲಿ 83, 2025ರಲ್ಲಿ 97, ಒಟ್ಟು 180. ಇದಕ್ಕೆ ಬೇಕಾದ ಎಂಜಿನ್‌ಗಳಲ್ಲಿ ಮೊದಲನೆಯದು ಜಿಇಯಿಂದ ಬಂದದ್ದೇ 2025ರ ಮಾರ್ಚ್‌ನಲ್ಲಿ.