ಕಾಂಕ್ರೀಟ್ ಹೋಗಿ ಕಂಚು ಬಂತು: ವೆಂಚುರಾದ ಪಾದ್ರಿ ಪ್ರತಿಮೆಯ ಹಿಂದಿನ ಕಥೆ

ಕ್ಯಾಲಿಫೋರ್ನಿಯಾದ ಕಡಲತೀರದ ಊರು ವೆಂಚುರಾ. ಅಲ್ಲಿನ ಸಿಟಿ ಹಾಲ್ ಮುಂದೆ 84 ವರ್ಷ ಒಬ್ಬ ಸ್ಪೇನ್ ಪಾದ್ರಿ ನಿಂತಿದ್ದ. ಹೆಸರು ಹುನಿಪೆರೊ ಸೆರ್ರಾ. 2020ರ ಜುಲೈ 23ರಂದು ಕ್ರೇನ್ ಬಂದು ಅವನನ್ನು ಎತ್ತಿಕೊಂಡು ಹೋಯಿತು.

ಸೆರ್ರಾ ಹುಟ್ಟಿದ್ದು 1713ರಲ್ಲಿ, ಮಯೋರ್ಕಾ ದ್ವೀಪದಲ್ಲಿ. ತತ್ವಶಾಸ್ತ್ರದ ಮೇಷ್ಟ್ರು. ಆರಾಮಾಗಿ ಪಾಠ ಮಾಡಿಕೊಂಡಿರಬಹುದಿತ್ತು. ಅದನ್ನು ಬಿಟ್ಟು 1749ರಲ್ಲಿ ಮೆಕ್ಸಿಕೋಗೆ ಹಡಗು ಹತ್ತಿದ. ಬಂದರಿನಿಂದ ಮೆಕ್ಸಿಕೋ ನಗರಕ್ಕೆ ನಡೆದೇ ಹೊರಟ. ದಾರಿಯಲ್ಲಿ ಏನೋ ಹುಳ ಕಚ್ಚಿ ಕಾಲು ಊದಿತು. ಆ ಹುಣ್ಣು ಸಾಯುವವರೆಗೂ ಕಾಡಿತು. ಅದೇ ಕಾಲಲ್ಲಿ ಕುಂಟುತ್ತಾ ಕ್ಯಾಲಿಫೋರ್ನಿಯಾಗೆ ಹೋದ. 1769ರಲ್ಲಿ ಸ್ಯಾನ್ ಡಿಯಾಗೋದಿಂದ ಶುರುಮಾಡಿ ಒಂಬತ್ತು ಮಿಷನ್ ಕಟ್ಟಿಸಿದ. ಮಿಷನ್ ಅಂದರೆ ಸ್ಥಳೀಯರನ್ನು ಕ್ರೈಸ್ತರನ್ನಾಗಿ ಮಾಡಲು ಕಟ್ಟಿದ ಚರ್ಚಿನ ನೆಲೆ. ಒಂಬತ್ತನೆಯದೇ 1782ರಲ್ಲಿ ವೆಂಚುರಾದಲ್ಲಿ ಆಗಿದ್ದು.

ಆದರೆ ಅದು ಖಾಲಿ ಜಾಗ ಆಗಿರಲಿಲ್ಲ. ಅಲ್ಲಿ ಚುಮಾಶ್ ಎಂಬ ಮೂಲನಿವಾಸಿ ಬುಡಕಟ್ಟು ಜನರ ಶಿಶೊಲೋಪ್ ಎಂಬ ಊರಿತ್ತು. ಹಲಗೆ ಜೋಡಿಸಿ, ಸಂದಿಗೆ ಡಾಂಬರು ಮೆತ್ತಿ ದೋಣಿ ಕಟ್ಟಿ, ಸಮುದ್ರ ದಾಟಿ ದ್ವೀಪಗಳ ಜೊತೆ ವ್ಯಾಪಾರ ಮಾಡುತ್ತಿದ್ದ ಜನ. ಮಿಷನ್‌ನ ನಿಯಮ ಸರಳ: ಒಮ್ಮೆ ದೀಕ್ಷಾಸ್ನಾನ ಆಗಿ ಕ್ರೈಸ್ತರಾದರೆಂದರೆ ಇಷ್ಟ ಬಂದಾಗ ಬಿಟ್ಟು ಹೋಗುವಂತಿಲ್ಲ. ಓಡಿಹೋದವರನ್ನು ಹಿಡಿದು ತಂದು ಚಾಟಿಯಲ್ಲಿ ಹೊಡೆಯುತ್ತಿದ್ದರು. ಯೂರೋಪಿನಿಂದ ಬಂದ ರೋಗಗಳು ಇನ್ನೂ ಜಾಸ್ತಿ ಜನರನ್ನು ಕೊಂದವು.

ಸೆರ್ರಾ ಬರೀ ಕ್ರೂರಿಯಾಗಿದ್ದ ಅಂದುಬಿಟ್ಟರೆ ಸುಲಭ. ಆದರೆ ಸೈನಿಕರು ಬುಡಕಟ್ಟು ಹೆಂಗಸರ ಮೇಲೆ ನಡೆಸುತ್ತಿದ್ದ ದೌರ್ಜನ್ಯದ ಬಗ್ಗೆ ದೂರು ಕೊಡಲು 1773ರಲ್ಲಿ ಮೆಕ್ಸಿಕೋದಲ್ಲಿದ್ದ ಸ್ಪೇನ್‌ನ ವೈಸ್‌ರಾಯ್ ಬಳಿಗೇ ಹೋದವನೂ ಇವನೇ. ಹೊಡೆಯುವುದು ತಂದೆ ಮಕ್ಕಳನ್ನು ತಿದ್ದಿದ ಹಾಗೆ ಎಂದು 1780ರಲ್ಲಿ ಗವರ್ನರ್‌ಗೆ ಪತ್ರ ಬರೆದು ವಾದಿಸಿದವನೂ ಇವನೇ. ಎರಡೂ ದಾಖಲೆಯಲ್ಲಿವೆ.

ಇನ್ನು ಪ್ರತಿಮೆ. ಸೆರ್ರಾ ಸತ್ತಿದ್ದು 1784ರಲ್ಲಿ, ವೆಂಚುರಾದಲ್ಲಿ ಪ್ರತಿಮೆ ಎದ್ದಿದ್ದು 1936ರಲ್ಲಿ. ನಡುವೆ ಒಂದೂವರೆ ಶತಮಾನ! ಅಷ್ಟೊತ್ತಿಗೆ ಕ್ಯಾಲಿಫೋರ್ನಿಯಾದವರಿಗೆ ಹಳೇ ಮಿಷನ್‌ಗಳ ಮೇಲೆ ಪ್ರೀತಿ ಉಕ್ಕಿತ್ತು. ಕೆಂಪು ಹೆಂಚು, ಕಮಾನು, ಗಂಟೆ ಎಲ್ಲ ಪ್ರವಾಸಿಗರನ್ನು ಸೆಳೆಯುವ ಸರಕಾದವು. ಆ ಚಿತ್ರದಲ್ಲಿ ಚಾಟಿಗೆ ಜಾಗ ಇರಲಿಲ್ಲ. ಆಗ ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತದ ಕಾಲ. ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಡುತ್ತಿತ್ತು. ಅದೇ ಯೋಜನೆಯಲ್ಲಿ ಜಾನ್ ಪಾಲೊ ಕಂಗಾಸ್ ಎಂಬ ಶಿಲ್ಪಿ ಇದನ್ನು ಮಾಡಿದ. ಕಂಚಿನಲ್ಲಲ್ಲ, ಕಾಂಕ್ರೀಟಿನಲ್ಲಿ.

1974ರಲ್ಲಿ ಊರು ಅದನ್ನು ಐತಿಹಾಸಿಕ ಸ್ಮಾರಕ ಅಂತ ಘೋಷಿಸಿತು. ಆದರೆ 80ರ ದಶಕದ ಹೊತ್ತಿಗೆ ಕಾಂಕ್ರೀಟ್ ಹಾಳಾಗತೊಡಗಿತ್ತು. ಸ್ಥಳೀಯ ಮರಗೆತ್ತನೆಯವರು ಅದರ ಪಡಿಯಚ್ಚನ್ನು ಮರದಲ್ಲಿ ಕೆತ್ತಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಕಂಚು ಎರಕ ಹೊಯ್ದರು. 1989ರಲ್ಲಿ ಕಂಚಿನ ಸೆರ್ರಾ ಬಂದು ನಿಂತ, ಮರದ ಸೆರ್ರಾ ಸಿಟಿ ಹಾಲ್ ಒಳಗೆ ಸೇರಿದ.

2015ರಲ್ಲಿ ಪೋಪ್ ಫ್ರಾನ್ಸಿಸ್ ಸೆರ್ರಾನನ್ನು ಸಂತ ಎಂದು ಘೋಷಿಸಿದಾಗ ಬುಡಕಟ್ಟು ಜನರ ಹಳೇ ನೋವು ಮತ್ತೆ ಕೆದಕಿದ ಹಾಗಾಯಿತು. 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯನನ್ನು ಪೊಲೀಸ್ ಒಬ್ಬ ಕೊಂದ ನಂತರದ ಪ್ರತಿಭಟನೆಗಳ ನಡುವೆ, ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಲಾಸ್ ಏಂಜಲೀಸ್‌ನಲ್ಲಿ ಸೆರ್ರಾ ಪ್ರತಿಮೆಗಳಿಗೆ ಹಗ್ಗ ಬಿಗಿದು ಕೆಡವಿದರು. ವೆಂಚುರಾದಲ್ಲಿ ಹಾಗಾಗಲಿಲ್ಲ. ಮೇಯರ್, ಮಿಷನ್ ಚರ್ಚಿನ ಪಾದ್ರಿ, ಚುಮಾಶ್ ಹಿರಿಯರೊಬ್ಬರು, ಮೂವರೂ ಸೇರಿ ಪ್ರತಿಮೆಯನ್ನು ಬೇರೆ ಕಡೆ ಸಾಗಿಸೋಣ ಅಂತ ಒಟ್ಟಿಗೆ ಹೇಳಿಕೆ ಕೊಟ್ಟರು. ಸೆರ್ರಾನೇ ಸ್ಥಾಪಿಸಿದ ಮಿಷನ್‌ಗೆ ಕೊಡುವ ಮಾತಾಯಿತು.

ಒಪ್ಪದವರು ಕೋರ್ಟಿಗೆ ಹೋದರು. ಸ್ಮಾರಕವನ್ನು ಹೀಗೆ ಸುಮ್ನೆ ಕದಲಿಸೋಕೆ ಆಗಲ್ಲ ಅನ್ನುವುದು ಅವರ ವಾದ. ಆದರೆ ಸ್ಮಾರಕ ಅಂತ ಘೋಷಣೆಯಾಗಿದ್ದು ಯಾವುದು? 1936ರ ಕಾಂಕ್ರೀಟ್ ಪ್ರತಿಮೆ. ಅದು ಯಾವತ್ತೋ ಹೋಗಿತ್ತು. ಕ್ರೇನ್ ಎತ್ತಿದ ಕಂಚಿಗೆ ಆಗಿನ್ನೂ 31 ವರ್ಷ. 2023ರಲ್ಲಿ ಮೇಲ್ಮನವಿ ಕೋರ್ಟೂ ಊರಿನ ಪರವಾಗಿಯೇ ತೀರ್ಪು ಕೊಟ್ಟಿತು.